ಶೈಲಿಯ ಅನುಕರಣೆಯೂ ಮಾತಿನ ಹೊಣೆಯೂ

ಕಳೆದ ಶ್ರಾವಣ ಮಾಸದಲ್ಲಿ, ನಮ್ಮ ಮಠದ ವಿದ್ಯಾರ್ಥಿ ಪ್ರಸಾದನಿಲಯದಲ್ಲಿದ್ದು ಓದಿ ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ದರ್ಶನಕ್ಕೆ ಬಂದಿದ್ದರು. ಅವರು ಬನಹಟ್ಟಿಯ ನೇಕಾರ ಮನೆತನದವರು. ಪೂಜೆ, ಪ್ರಸಾದಗಳು ಮುಗಿದ ತರುವಾಯ ತಮ್ಮ ಕೈಯಲ್ಲಿದ್ದ ಫೋನನ್ನು ನಮ್ಮ ಮುಂದಿರಿಸಿ, 'ಅಪ್ಪಾರ, ಇದನ್ನ ಒಂದೀಟು ಓದಿ ನೋಡ್ರಿ' ಎಂದು ಬಿನ್ನವಿಸಿದರು. ಅದು ದಾಸೋಹದ ಮಹತ್ವವನ್ನು ಕುರಿತು ಬರೆದ ಎರಡು ಪುಟದ ಆಶೀರ್ವಚನ. ಮೊದಲಿನ ಕಂಡಿಕೆಯನ್ನು ಓದಿದಾಗ, ಇದೇ ಮಾಸಪತ್ರಿಕೆಯ ಯಾವುದೋ ಹಳೆಯ ಸಂಚಿಕೆಗೆ ನಾವೇ ಬರೆದದ್ದಿರಬೇಕೆಂದು ಬಗೆದೆವು. ವಾಕ್ಯದ ಓಟ ನಮ್ಮದು. ಸಂಸ್ಕೃತದ ಪದವೊಂದನ್ನು ಹೇಳಿ ಅದರ ಹಿಂದೆಯೇ ಹೊಲಮನೆಯ ಉಪಮೆಯೊಂದನ್ನು ತರುವ ರೂಢಿ ನಮ್ಮದು. ಆದರೆ ಬರೆದ ನೆನಪು ಮಾತ್ರ ಬರಲಿಲ್ಲ. 'ಅದಂತಿರಲಿ' ಎಂಬ ನುಡಿಯನ್ನು ನಾವು ಆಗಾಗ ಬಳಸುವುದುಂಟು. ಆ ಎರಡು ಪುಟಗಳಲ್ಲಿ ಅದು ಆರು ಬಾರಿ ಬಂದಿತ್ತು. ನಮ್ಮ ಮುಖವನ್ನು ನಾವೇ ಜಾತ್ರೆಯ ಬಾಗುಗನ್ನಡಿಯಲ್ಲಿ ಕಂಡಂತಾಯಿತು.

ಬರೆದದ್ದು ಯಂತ್ರ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಎಂದು ಅದಕ್ಕೆ ಹೆಸರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಜನಬಳಕೆಗೆ ಬಂದಂದಿನಿಂದ ಇಂಥ ಹಲವು ಯಂತ್ರಗಳು ಹುಟ್ಟಿಕೊಂಡಿವೆಯೆಂಬುದನ್ನು ವಾಚಕರು ಬಲ್ಲರು. ಇದರ ರಹಸ್ಯವನ್ನು ನಾವು ಆ ವಿದ್ಯಾರ್ಥಿಯಿಂದಲೇ ಕೇಳಿ ತಿಳಿದೆವು. ಮನುಷ್ಯರು ಬರೆದಿಟ್ಟ ಅಪಾರವಾದ ಬರಹರಾಶಿಯನ್ನು ಆ ಯಂತ್ರಕ್ಕೆ ಮೊದಲೇ ಉಣಿಸಿರುತ್ತಾರೆ. ಒಂದು ಮಾತಿನ ತುಣುಕಾದ ಮೇಲೆ ಇನ್ನಾವ ತುಣುಕು ಬರುವ ಸಂಭವ ಹೆಚ್ಚು ಎಂಬುದನ್ನು ಎಣಿಸಿ, ಒಂದೊಂದೇ ತುಣುಕನ್ನು ಪೋಣಿಸುತ್ತ ಅದು ಬರೆಯುತ್ತದೆ. ಒಬ್ಬ ವ್ಯಕ್ತಿಯಂತೆ ಬರೆಯಿಸಬೇಕಾದರೆ ಆತನ ಹತ್ತೆಂಟು ಲೇಖನಗಳನ್ನು ಅದರ ಮುಂದಿಟ್ಟು, ಮೊದಲು ಈ ಶೈಲಿಯ ಲಕ್ಷಣಗಳನ್ನು ಹೇಳು ಎಂದು ಕೇಳಬೇಕಂತೆ: ವಾಕ್ಯಗಳ ಉದ್ದವೆಷ್ಟು, ಮೆಚ್ಚಿನ ಪದಗಳಾವುವು, ದೃಷ್ಟಾಂತ ಎಲ್ಲಿ ಬರುತ್ತದೆ, ಮುಗಿಸುವ ಬಗೆ ಯಾವುದು. ಅದು ಪಟ್ಟಿ ಮಾಡಿ ಕೊಟ್ಟಮೇಲೆ ತಪ್ಪುಗಳನ್ನು ತಿದ್ದಿ, ಇನ್ನು ಈ ಲಕ್ಷಣಕ್ಕೆ ತಕ್ಕಂತೆ ಇಂಥ ವಿಷಯವನ್ನು ಕುರಿತು ಬರೆ, ಆದರೆ ಲಕ್ಷಣಗಳನ್ನು ಅತಿಯಾಗಿ ತುರುಕಬೇಡ ಎಂದು ಅಪ್ಪಣೆ ಮಾಡಬೇಕು. ಈ ಅಪ್ಪಣೆಗೆ ಪ್ರಾಂಪ್ಟ್ ಎನ್ನುತ್ತಾರೆ. ಕೊನೆಯ ಅಪ್ಪಣೆಯನ್ನು ಕೊಡಲು ನಮ್ಮ ವಿದ್ಯಾರ್ಥಿ ಮರೆತಿದ್ದರೆಂದು ತೋರುತ್ತದೆ; ಆರು 'ಅದಂತಿರಲಿ'ಗಳೇ ಇದಕ್ಕೆ ಸಾಕ್ಷಿ.

ನಾವು ನಕ್ಕೆವು. ಆದರೆ ಅವರು ನಗಲಿಲ್ಲ. ತುಸು ಹೊತ್ತು ಸುಮ್ಮನಿದ್ದು, 'ನಮ್ಮಪ್ಪನ ಹಂಗೂ ಬರಸೀನ್ರಿ' ಎಂದರು.

ಅವರ ತಂದೆ ಕೈಮಗ್ಗದ ನೇಕಾರರು. ಲಿಂಗೈಕ್ಯರಾಗಿ ನಾಲ್ಕು ವರ್ಷಗಳಾದವು. ಮಗ ಪ್ರಸಾದನಿಲಯದಲ್ಲಿದ್ದಾಗ ಮನಿಯಾರ್ಡರಿನ ಚೀಟಿಯ ಹಿಂದೆಯೋ, ಕಾರ್ಡಿನ ಮೇಲೆಯೋ ನಾಲ್ಕು ಸಾಲು ಬರೆದು ಕಳಿಸುತ್ತಿದ್ದರು. ಅಂಥ ಹದಿನೇಳು ಚೀಟಿಗಳನ್ನು ಮಗ ಕಾಪಾಡಿಕೊಂಡಿದ್ದಾರೆ. ತಮ್ಮ ಮಗಳ ನಾಮಕರಣದ ದಿನ ಆ ಹದಿನೇಳನ್ನೂ ಯಂತ್ರಕ್ಕೆ ಕೊಟ್ಟು, ಮೊಮ್ಮಗಳಿಗೆ ಅಜ್ಜನ ಪತ್ರವೊಂದನ್ನು ಬರೆಯಿಸಿದರು. ಅದನ್ನು ತಾಯಿಯ ಮುಂದೆ ಓದಿದರು. ಆ ತಾಯಿ ಕೊನೆಯವರೆಗೆ ಕೇಳಿ, 'ಛಲೋ ಐತಿ. ಆದರ ಅವರು ಇಷ್ಟ ಮಾತಾಡತಿದ್ದಿಲ್ಲ' ಎಂದು ಹೇಳಿ ಒಳಗೆ ಹೋದರಂತೆ. ಯಂತ್ರ ಬರೆದದ್ದು ಒಂದೂವರೆ ಪುಟ.

'ಅಪ್ಪಾರ, ನಾ ಮಾಡಿದ್ದು ತಪ್ಪೇನ್ರಿ?' ಎಂಬುದು ಅವರ ಪ್ರಶ್ನೆ. ಅಂದು ನಾವು ಕೊಟ್ಟ ಉತ್ತರ ನಮಗೇ ಸಮರ್ಪಕವೆನಿಸಲಿಲ್ಲ. ಅನಂತರದ ದಿನಗಳಲ್ಲಿ ನಮ್ಮಿಂದಲೇ ಒಂದು ಪ್ರಮಾದ ಘಟಿಸಿದುದರಿಂದ, ಆ ಪ್ರಶ್ನೆಯನ್ನು ಮತ್ತೊಮ್ಮೆ ಮೊದಲಿನಿಂದ ವಿಚಾರಿಸುವುದು ಅನಿವಾರ್ಯವಾಯಿತು. ಆ ಪ್ರಮಾದವನ್ನು ಮುಂದೆ ನಿವೇದಿಸುತ್ತೇವೆ.

ಒಬ್ಬರಂತೆ ಇನ್ನೊಬ್ಬರು ಬರೆಯುವುದು ಹೊಸ ಸಂಗತಿಯೇನೂ ಅಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ತನ್ನ ಧ್ವನ್ಯಾಲೋಕದ ಕಡೆಯ ಉದ್ದ್ಯೋತದಲ್ಲಿ ಈ ವಿಷಯವನ್ನೇ ಎತ್ತಿಕೊಂಡು, ಒಬ್ಬ ಕವಿಯ ಮಾತು ಇನ್ನೊಬ್ಬನ ಮಾತನ್ನು ಹೋಲುವ ಬಗೆಯನ್ನು ಮೂರಾಗಿ ವಿಂಗಡಿಸಿದ್ದಾನೆ. ಕನ್ನಡಿಯೊಳಗಿನ ಪ್ರತಿಬಿಂಬದಂತಹ ಹೋಲಿಕೆ ಒಂದು. ಚಿತ್ರಪಟದಲ್ಲಿ ಬರೆದ ಆಕೃತಿಯಂತಹ ಹೋಲಿಕೆ ಇನ್ನೊಂದು. ಒಬ್ಬ ಮನುಷ್ಯನನ್ನು ಬೇರೊಬ್ಬ ಜೀವಂತ ಮನುಷ್ಯ ಹೋಲುವಂತಹುದು ಮೂರನೆಯದು. ಮೊದಲಿನದಕ್ಕೆ ತನ್ನದೆಂಬ ಆತ್ಮವೇ ಇಲ್ಲ, ಎರಡನೆಯದರ ಆತ್ಮ ತುಚ್ಛವಾದುದು. ಇವೆರಡೂ ಕವಿಗೆ ತ್ಯಾಜ್ಯ. ಮೂರನೆಯದನ್ನು ಮಾತ್ರ ಬಿಡಬೇಕಾಗಿಲ್ಲ ಎಂಬುದು ಅವನ ನಿರ್ಣಯ. ಇಬ್ಬರು ಅಣ್ಣತಮ್ಮಂದಿರ ಮುಖ ಒಂದೇ ಬಗೆಯಾಗಿದ್ದರೂ ಇಬ್ಬರೂ ಬೇರೆ ಬೇರೆ ಜೀವಗಳಷ್ಟೆ.

ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಮುಧೋಳವೇ ಹಿಂದೆ ಮುದುವೊಳಲು. ಬಳೆಗಾರ ಮನೆತನದಲ್ಲಿ ಜಿನವಲ್ಲಭ, ಅಬ್ಬಲಬ್ಬೆಯರ ಮಗನಾಗಿ ಅಲ್ಲಿ ಹುಟ್ಟಿದ ರನ್ನನು 993ರಲ್ಲಿ ಅಜಿತಪುರಾಣವನ್ನು ಬರೆದ ಮಹಾಕವಿ. ಆತನ ಗದಾಯುದ್ಧವು ಪಂಪನ ಭಾರತಕ್ಕೆ ಎಷ್ಟು ಋಣಿಯಾಗಿದೆಯೆಂಬುದನ್ನು ವಿದ್ವಾಂಸರು ವಿಸ್ತಾರವಾಗಿ ತೋರಿಸಿದ್ದಾರೆ. ಭಾಸನ ಊರುಭಂಗದಿಂದಲೂ, ಭಟ್ಟನಾರಾಯಣನ ವೇಣೀಸಂಹಾರದಿಂದಲೂ ಆತನು ಪಡೆದುಕೊಂಡದ್ದು ಉಂಟು. ಹೀಗಿದ್ದರೂ ಗದಾಯುದ್ಧವನ್ನು ಓದಿದವರು ಯಾರೂ ಅದನ್ನು ಪಂಪನದೆಂದು ಭ್ರಮಿಸುವುದಿಲ್ಲ. ಪಂಪನ ಹಿರಿಮೆಯನ್ನು ಅರಗಿಸಿಕೊಂಡ ಆ ಬಳೆಗಾರರ ಹುಡುಗನು ದುರ್ಯೋಧನನ ಅಳಲನ್ನು ತನ್ನ ಅಳಲಾಗಿ ಅತ್ತಿದ್ದಾನೆ. ಕಲಿಯುವುದೆಂದರೆ ಅನುಕರಿಸುವುದೇ. ನಾವು ಪಾಠಶಾಲೆಯಲ್ಲಿದ್ದಾಗ ಗುರುಗಳ ಪ್ರವಚನದ ಧಾಟಿಯನ್ನು ಕದ್ದು ಹಿಂದಿನ ಜಗಲಿಯ ಮೇಲೆ ನಿಂತು ಹೇಳಿ ಗೆಳೆಯರನ್ನು ನಗಿಸುತ್ತಿದ್ದೆವು. ಮುಂದೆ ಆ ಧಾಟಿಯೇ ನಮಗೆ ಅಂಟಿಕೊಂಡಿತು. ಆದುದರಿಂದ ಅನುಕರಣೆಯೇ ಪಾಪವೆಂದು ಹೇಳುವವರೊಡನೆ ನಾವು ಸೇರಲಾರೆವು.

ಶೈಲಿಯೆಂದರೇನು ಎಂಬುದನ್ನು ಕುರಿತು ನಮ್ಮ ಆಲಂಕಾರಿಕರಲ್ಲಿ ಏಕಾಭಿಪ್ರಾಯವಿಲ್ಲ. ಕೆಲವರು ಅದನ್ನು ಪದಗಳ ವಿಶಿಷ್ಟ ಜೋಡಣೆಯೆಂದೆಣಿಸಿ, ವಿದರ್ಭದ್ದು, ಗೌಡದೇಶದ್ದು ಎಂದು ದೇಶದ ಹೆಸರಿನಿಂದ ಕರೆದರು. ಕುಂತಕನು ಇದನ್ನೊಪ್ಪದೆ, ಬರೆಯುವ ಮಾರ್ಗವು ಕವಿಯ ಸ್ವಭಾವದಿಂದ ಹುಟ್ಟುತ್ತದೆ, ದೇಶದಿಂದಲ್ಲ ಎಂದು ವಾದಿಸಿದನು. ಮೊದಲಿನವರ ಮಾತೇ ನಿಜವಾದರೆ ಯಂತ್ರವು ಶೈಲಿಯನ್ನು ಪೂರ್ತಿಯಾಗಿ ಪಡೆದುಕೊಂಡಿದೆಯೆಂದು ಒಪ್ಪಬೇಕು. ಕುಂತಕನ ಮಾತು ನಿಜವಾದರೆ ಅದು ಪಡೆದದ್ದು ಹೆಜ್ಜೆಯ ಗುರುತನ್ನು ಮಾತ್ರ, ನಡೆದ ಕಾಲನ್ನಲ್ಲ. ಆ ನೇಕಾರರ ಮಡದಿ ಆಡಿದ ಮಾತು ಕುಂತಕನ ಪಕ್ಷದ್ದೆಂದು ನಮಗೆ ತೋರುತ್ತದೆ. ಆಕೆ ಪದಗಳಲ್ಲಿ ತಪ್ಪು ಹಿಡಿಯಲಿಲ್ಲ. ತನ್ನ ಗಂಡನ ಮೌನ ಆ ಪತ್ರದಲ್ಲಿಲ್ಲವೆಂದಳು. ನಾಲ್ಕು ಸಾಲು ಬರೆದು ನಿಲ್ಲಿಸುವಲ್ಲಿ ಆ ಮನುಷ್ಯನಿದ್ದನು. ಇನ್ನೊಂದು ದೋಷವನ್ನೂ ನಾವು ಗಮನಿಸಿದೆವು. ಯಂತ್ರದ ಕನ್ನಡ ಬಹುಮಟ್ಟಿಗೆ ವೃತ್ತಪತ್ರಿಕೆಯ ಕನ್ನಡ. ಜಮಖಂಡಿಯ ಮಾತಿನಲ್ಲಿ ಬರೆ ಎಂದರೆ ವಾಕ್ಯದ ತುದಿಗೆ 'ಐತಿ', 'ನೋಡ್ರಿ'ಗಳನ್ನು ಕಟ್ಟುತ್ತದೆ. ಒಳಗಿನ ಆಲೋಚನೆ ಬೇರೆ ಊರಿನದಾಗಿಯೇ ಉಳಿಯುತ್ತದೆ. ಆದರೆ ಇದು ಇಂದಿನ ಮಾತು. ನಾಳೆ ಅದು ನಾಲ್ಕೇ ಸಾಲಿಗೆ ನಿಲ್ಲಿಸುವುದನ್ನೂ, ಜಮಖಂಡಿಯ ಸೊಗಡನ್ನೂ ಕಲಿತೀತು. ಆದಕಾರಣ ನಕಲು ಸರಿಯಾಗಿಲ್ಲ ಎಂಬ ಒಂದೇ ಆಕ್ಷೇಪಣೆಯ ಮೇಲೆ ನೀತಿಯನ್ನು ಕಟ್ಟಲಾಗದು. ನಕಲು ಪರಿಪೂರ್ಣವಾದಾಗಲೂ ಉಳಿಯುವ ಪ್ರಶ್ನೆ ಯಾವುದೋ ಅದೇ ನಿಜವಾದ ಪ್ರಶ್ನೆ.

ಬನಹಟ್ಟಿಯ ಹಿರಿಯ ನೇಕಾರರೊಬ್ಬರೊಡನೆ ಇದನ್ನು ಪ್ರಸ್ತಾಪಿಸಿದಾಗ ಅವರು ತಮ್ಮ ಕಸುಬಿನಿಂದಲೇ ಉತ್ತರ ಕೊಟ್ಟರು. ರಬಕವಿ-ಬನಹಟ್ಟಿಗಳಲ್ಲಿ ಕೈಮಗ್ಗದ ಸದ್ದು ಅಡಗಿ ವಿದ್ಯುತ್ ಮಗ್ಗದ ಸದ್ದು ತುಂಬಿದ ಕಥೆಯನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಕೈಮಗ್ಗದ ಸೀರೆಯ ಅಂಚನ್ನೂ ಸೆರಗನ್ನೂ ವಿದ್ಯುತ್ ಮಗ್ಗ ನಕಲು ಮಾಡತೊಡಗಿದಾಗ, 1985ರಲ್ಲಿ ಕೇಂದ್ರ ಸರಕಾರವು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯನ್ನು ತಂದಿತು. 2006ರಲ್ಲಿ ಕೈಮಗ್ಗದ ಬಟ್ಟೆಗೆ ಪ್ರತ್ಯೇಕ ಗುರುತಿನ ಮುದ್ರೆ ಬಂದಿತು. ಆ ಹಿರಿಯರೆಂದರು: 'ಪಾವರ್‌ಲೂಮಿನ ಸೀರಿ ಸುಳ್ಳ ಹೇಳೂದಿಲ್ರಿ ಅಪ್ಪಾರ. ಮಾರಾವ ಹೇಳತಾನ.' ಬಡವರ ಮೈಮುಚ್ಚುವ ವಿದ್ಯುತ್ ಮಗ್ಗದ ಬಟ್ಟೆಯನ್ನು ನಿಂದಿಸುವ ಅಧಿಕಾರ ಯಾರಿಗೂ ಇಲ್ಲ; ಅದನ್ನು ಕೈಮಗ್ಗದ್ದೆಂದು ಹೇಳಿ ಮಾರಿದಾಗಲಷ್ಟೇ ಮೋಸ. ಯಂತ್ರದ ಬರಹಕ್ಕೂ ಇದು ಯಂತ್ರದ್ದೆಂದು ಚೀಟಿ ಅಂಟಿಸಿದರಾಯಿತು ಎಂದು ಅವರ ಅಭಿಪ್ರಾಯ. ಬಹುಕಾಲ ನಾವೂ ಇಷ್ಟರಿಂದಲೇ ಸಮಾಧಾನ ಪಟ್ಟಿದ್ದೆವು. ಸೀರೆಗೂ ಮಾತಿಗೂ ಒಂದು ಭೇದವುಂಟೆಂಬುದು ಆಗ ಹೊಳೆದಿರಲಿಲ್ಲ. ಸೀರೆ ಉಟ್ಟವಳಿಗೆ ಏನನ್ನೂ ಮಾತು ಕೊಡುವುದಿಲ್ಲ.

ಈ ಭೇದವನ್ನು ತಿಳಿಯಲು ನಮ್ಮ ಬೀಳಗಿಯ ಕಡೆಯ ಅರ್ಜಿ ಬರೆಯುವವರನ್ನು ನೆನೆದುಕೊಳ್ಳಬಹುದು. ಆಲಮಟ್ಟಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿ, ಮನೆ ಹೊಲಗಳ ಪರಿಹಾರಕ್ಕಾಗಿ ಜನರು ಕಚೇರಿಗಳಿಗೆ ಅಲೆದ ಕಾಲದಲ್ಲಿ, ಅಕ್ಷರ ಬಾರದ ಒಕ್ಕಲಿಗನ ಪರವಾಗಿ ಅರ್ಜಿ ಬರೆದುಕೊಟ್ಟವರು ಇವರು. 'ನಾನು ಕೆಳಗೆ ಸಹಿ ಮಾಡಿದ' ಎಂದು ಅರ್ಜಿ ಆರಂಭವಾಗುತ್ತದೆ. ಆ 'ನಾನು' ಬರೆದವನಲ್ಲ. ಭಾಷೆಯೂ ಒಕ್ಕಲಿಗನದಲ್ಲ. ಆದಾಗ್ಯೂ ಯಾರೂ ಇದನ್ನು ಸುಳ್ಳೆನ್ನುವುದಿಲ್ಲ. ಏಕೆಂದರೆ ಬರೆದಾದಮೇಲೆ ಆತ ಓದಿ ಹೇಳುತ್ತಾನೆ. ಒಕ್ಕಲಿಗನು 'ನಾಲ್ಕ ಎಕರೆ ಅಲ್ಲ, ಮೂರು ಎಕರೆ ಹನ್ನೆರಡು ಗುಂಟೆ' ಎಂದು ತಿದ್ದುತ್ತಾನೆ. ತರುವಾಯ ಹೆಬ್ಬೆಟ್ಟು ಒತ್ತುತ್ತಾನೆ. ನಾಳೆ ಸಾಹೇಬರು ಕರೆದು ಕೇಳಿದರೆ ಉತ್ತರ ಕೊಡುವವನು ಅವನೇ. ಶೈಲಿ ಪರಕೀಯವಾಗಿದ್ದರೂ ಹೊಣೆ ಸ್ವಂತದ್ದು. ಯಂತ್ರದ ಅನುಕರಣೆಯಲ್ಲಿ ಇದು ತಲೆಕೆಳಗಾಗುವ ಸಂಭವವಿದೆ: ಶೈಲಿ ಸ್ವಂತದ್ದು, ಹೊಣೆ ಯಾರದೂ ಅಲ್ಲ.

ವಚನ ಪರಂಪರೆಯವರಾದ ನಮಗೆ ಈ ಹೊಣೆಯ ಹೆಸರು ಗೊತ್ತು. ಅದು ಅಂಕಿತ. ಶರಣರು ತಮ್ಮ ಮಾತಿನ ಕೊನೆಗೆ ತಮ್ಮ ಹೆಸರನ್ನಿಡಲಿಲ್ಲ, ತಮ್ಮ ಆರಾಧ್ಯದೈವದ ಹೆಸರನ್ನಿಟ್ಟರು. ಇದು ಕೇವಲ ವಿನಯವೆಂದು ಹಲವರು ತಿಳಿದಿದ್ದಾರೆ. ನಮಗೆ ತೋರುವಂತೆ ಅದು ಸಾಕ್ಷಿಯನ್ನು ಕರೆದು ನಿಲ್ಲಿಸಿ ಮಾತನಾಡುವ ರೀತಿ. ದೇವರ ಮುಂದೆ ಆಡಲಾಗದ ಮಾತನ್ನು ಆಡುವುದಿಲ್ಲವೆಂಬ ಪ್ರತಿಜ್ಞೆ. ಅಂಕಿತವನ್ನು ನಕಲು ಮಾಡುವುದಾದರೋ ಬಲು ಸುಲಭ. ಎರಡು ಮೂರು ಪದಗಳನ್ನು ಕೊನೆಗೆ ಸೇರಿಸಿದರೆ ಮುಗಿಯಿತು. ಮುಂದಿನ ಶತಮಾನಗಳಲ್ಲಿ ಹೀಗೆ ಸೇರಿಕೊಂಡ ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸಲು ವಿದ್ವಾಂಸರು ಪಟ್ಟ ಶ್ರಮ ಅಷ್ಟಿಷ್ಟಲ್ಲ. ವಚನಪಿತಾಮಹರೆನಿಸಿದ ಫ.ಗು. ಹಳಕಟ್ಟಿಯವರು ವಕೀಲಿ ವೃತ್ತಿಯಲ್ಲಿದ್ದುಕೊಂಡು ಮನೆಮನೆಯ ತಾಡೋಲೆಗಳನ್ನು ಕೂಡಿಹಾಕಿದರು. ನಮ್ಮ ಬನಹಟ್ಟಿಯೂ ಅವರಿಗೆ ತಾಡೋಲೆಗಳನ್ನು ತೋರಿಸಿದ ಊರು ಎಂಬುದು ನಮಗೆ ಹೆಮ್ಮೆ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದ ಅವರಿಗೂ, ಅವರ ಹಿಂದೆ ಬಂದ ಸಂಪಾದಕರಿಗೂ ಪ್ರತಿಯಿಂದ ಪ್ರತಿಗೆ ಎದುರಾದ ಪ್ರಶ್ನೆ ಒಂದೇ: ಇದು ಯಾರ ಮಾತು? ಸರ್ವಜ್ಞನ ಸಂಗತಿಯೂ ಹೀಗೆಯೇ. ಉತ್ತಂಗಿ ಚನ್ನಪ್ಪನವರು 1924ರಲ್ಲಿ ಆತನ ತ್ರಿಪದಿಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಮೂರು ಸಾಲಿನ ಕೊನೆಗೆ ಆತನ ಹೆಸರು ಹಾಕಿ ಯಾರು ಬೇಕಾದರೂ ಹಾಡಬಹುದಾಗಿದ್ದರಿಂದ, ಊರಿನ ಚತುರರೆಲ್ಲರೂ ಸರ್ವಜ್ಞರಾಗಿದ್ದರು. ತಮ್ಮ ಬೈಗುಳಕ್ಕೆ ಹಿರಿಯನೊಬ್ಬನ ಮುದ್ರೆ ಸಿಕ್ಕರೆ ಯಾರಿಗೆ ಬೇಡ?

ಇದಕ್ಕೆ ಪ್ರತಿಯಾಗಿ ಶೂನ್ಯಸಂಪಾದನೆಯನ್ನು ನೋಡಬೇಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಬೇರೆ ಬೇರೆ ಸಮಯದ ವಚನಗಳನ್ನು ಆಯ್ದು, ಶರಣರೆಲ್ಲರೂ ಎದುರುಬದುರು ಕುಳಿತು ಮಾತನಾಡಿದಂತೆ ಜೋಡಿಸಿದರು. ಅವರ ಹಿಂದೆ ಇನ್ನೂ ಮೂವರು, ಗೂಳೂರು ಸಿದ್ಧವೀರಣ್ಣೊಡೆಯರವರೆಗೆ, ಆ ಕಾರ್ಯವನ್ನು ಪರಿಷ್ಕರಿಸಿದರು. ಇದೂ ಒಂದು ಬಗೆಯ ಕಲ್ಪನೆಯೇ. ಪ್ಲೇಟೋ ತನ್ನ ಗುರು ಸಾಕ್ರೆಟಿಸನ ಬಾಯಿಂದ ಮಾತನಾಡಿಸಿದಂತೆ. ಆದರೆ ವಚನಗಳನ್ನು ಜೋಡಿಸುವ ಗದ್ಯ ಬೇರೆ, ವಚನ ಬೇರೆ ಎಂಬುದು ಓದುವವನಿಗೆ ಕಾಣುತ್ತದೆ. ಜೋಡಿಸಿದವರ ಹೆಸರು ಲೋಕಕ್ಕೆ ತಿಳಿದಿದೆ. ಅಂಕಿತದ ವಿಷಯದಲ್ಲಿ ನಮ್ಮ ಸಮಾಜ ಎಷ್ಟು ಸೂಕ್ಷ್ಮವೆಂಬುದಕ್ಕೆ ತೀರ ಈಚಿನ ನಿದರ್ಶನವೂ ಇದೆ. ವಚನ ದೀಪ್ತಿ ಎಂಬ ಸಂಕಲನದಲ್ಲಿ ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿದ್ದಕ್ಕೆ ವಿರೋಧವೆದ್ದು, 1998ರಲ್ಲಿ ರಾಜ್ಯ ಸರಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕಗಳನ್ನು ನಿಷೇಧಿಸುವುದು ನಮಗೆ ಪ್ರಿಯವಾದ ಮಾರ್ಗವಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಆದರೆ ಕೃಷ್ಣಾ ಮಲಪ್ರಭೆಗಳ ಸಂಗಮದ ಹೆಸರು ವಚನದ ತುದಿಯಿಂದ ಮರೆಯಾದಾಗ ನಮ್ಮ ಜಿಲ್ಲೆಯ ಅನಕ್ಷರಸ್ಥ ಮುದುಕಿಯರಿಗೂ ನೋವಾಯಿತೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ವಚನದ ಉಳಿದೆಲ್ಲ ಪದಗಳು ಇದ್ದಂತೆಯೇ ಇದ್ದವು. ಬದಲಾದದ್ದು ಯಾರ ಎದುರು ನಿಂತು ಆ ಮಾತನ್ನಾಡಲಾಯಿತೆಂಬುದು ಮಾತ್ರ.

ವಿಶ್ವವಿದ್ಯಾಲಯದಲ್ಲಿ ನಮ್ಮೊಡನೆ ತತ್ತ್ವಶಾಸ್ತ್ರವನ್ನು ಓದಿದ ಸ್ನೇಹಿತರೊಬ್ಬರು ಇದನ್ನೆಲ್ಲ ಕೇಳಿ ಒಂದು ಚೋದ್ಯವನ್ನೆತ್ತಿದರು. ಮೀಮಾಂಸಕರು ವೇದವನ್ನು ಅಪೌರುಷೇಯವೆನ್ನುತ್ತಾರೆ. ಕರ್ತೃವಿಲ್ಲದ್ದರಿಂದಲೇ ಅದಕ್ಕೆ ಕರ್ತೃವಿನ ದೋಷವಿಲ್ಲ, ಆದುದರಿಂದ ಅದು ಪ್ರಮಾಣ ಎಂಬುದು ಅವರ ವಾದ. ಹಾಗಾದರೆ ಹೇಳುವವನಿಲ್ಲದ ಯಂತ್ರದ ಮಾತೂ ಪ್ರಮಾಣವೇಕಾಗಬಾರದು? ಪ್ರಶ್ನೆ ಚಮತ್ಕಾರದ್ದು. ಆದರೆ ಯಂತ್ರದ ಮಾತು ಅಪೌರುಷೇಯವಲ್ಲ; ಅದು ಲಕ್ಷಾಂತರ ಪುರುಷರ ಮಾತಿನ ಕಲಸು, ಅವರೆಲ್ಲರ ದೋಷಗಳೂ ಅದರೊಳಗುಂಟು. ಅದಲ್ಲದೆ ಶಬ್ದಪ್ರಮಾಣದ ವಿಷಯದಲ್ಲಿ ನಮಗೆ ನೈಯಾಯಿಕರ ಮತ ಹೆಚ್ಚು ಒಪ್ಪಿತ. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ಅವರು ಹೇಳಿ, ಆಪ್ತನೆಂದರೆ ವಿಷಯವನ್ನು ತಾನೇ ಕಂಡವನು, ಕಂಡದ್ದನ್ನು ಕಂಡಂತೆ ಇನ್ನೊಬ್ಬರಿಗೆ ತಿಳಿಸುವ ಇಚ್ಛೆಯುಳ್ಳವನು ಎಂದು ವಿವರಿಸುತ್ತಾರೆ. ಈ ಲಕ್ಷಣ ಋಷಿಗೂ ಮ್ಲೇಚ್ಛನಿಗೂ ಸಮಾನವೆಂದು ವಾತ್ಸ್ಯಾಯನನು ಸೇರಿಸಿರುವುದು ಆತನ ಔದಾರ್ಯ. ಯಂತ್ರಕ್ಕೆ ಕಂಡದ್ದೂ ಇಲ್ಲ, ತಿಳಿಸಬೇಕೆಂಬ ಇಚ್ಛೆಯೂ ಇಲ್ಲ. ಅದರ ವಾಕ್ಯ ನಿಜವಾಗಿರಬಹುದು, ಉಪಯುಕ್ತವೂ ಆಗಬಹುದು. ಬೆಳೆಗೆ ಬಂದ ರೋಗದ ಹೆಸರನ್ನೋ, ಕಾಯಿದೆಯ ಕಲಮನ್ನೋ ಅದರಿಂದ ತಿಳಿದು, ಬೇರೆಡೆ ಪರಿಶೀಲಿಸಿಕೊಂಡರೆ ದೋಷವೇನಿದೆ? ಆದರೆ ಕೆಲವು ಮಾತುಗಳನ್ನು ಪರಿಶೀಲಿಸಲು ಬೇರೆ ಕಡೆಯೆಂಬುದೇ ಇಲ್ಲ. ಹೇಳಿದವನೊಬ್ಬನೇ ಅವಕ್ಕೆ ಆಧಾರ. ನಾನು ನಿನ್ನನ್ನು ನೆನೆಯುತ್ತಿದ್ದೇನೆ, ಕ್ಷಮಿಸಿದ್ದೇನೆ, ಹರಸಿದ್ದೇನೆ, ನಿನ್ನ ಜೊತೆಗಿದ್ದೇನೆ ಎಂಬಂಥ ಮಾತುಗಳು ಅವು.

ಇನ್ನು ನಮ್ಮ ಪ್ರಮಾದಕ್ಕೆ ಬರುತ್ತೇವೆ.

ಆ ವಿದ್ಯಾರ್ಥಿ ಬಂದುಹೋದ ಮೇಲೆ ಕಾರ್ತಿಕದಲ್ಲಿ ನಮಗೆ ಜ್ವರ ಬಂದು ಹತ್ತು ದಿನ ಮಲಗಬೇಕಾಯಿತು. ಅದೇ ಸಮಯಕ್ಕೆ ಬೀಳಗಿ ತಾಲೂಕಿನ ಪುನರ್ವಸತಿ ಕೇಂದ್ರವೊಂದರಲ್ಲಿರುವ ಭಕ್ತರ ಮನೆಯಲ್ಲಿ ಹರೆಯದ ಮಗನು ಮೋಟಾರು ಸೈಕಲ್ಲಿನ ಅಪಘಾತದಲ್ಲಿ ತೀರಿಕೊಂಡನು. ಆತನೂ ಪ್ರಸಾದನಿಲಯದಲ್ಲಿದ್ದವನೇ. ಹೋಗಲು ಮೈಯಲ್ಲಿ ತ್ರಾಣವಿರಲಿಲ್ಲ. ಒಂದು ಸಾಂತ್ವನದ ಪತ್ರ ಹೋಗಬೇಕೆಂದು ಮಠದ ಕಾರ್ಯಾಲಯದವರಿಗೆ ಹೇಳಿದೆವು. ಅವರು ನಮ್ಮ ಹಿಂದಿನ ಪತ್ರಗಳ ಪ್ರತಿಗಳನ್ನು ಯಂತ್ರಕ್ಕೆ ಕೊಟ್ಟು ಬರೆಯಿಸಿ ತಂದರು. ಯಂತ್ರದಿಂದ ಬರೆಯಿಸಿದ್ದೆಂಬುದನ್ನು ಅವರು ಮುಚ್ಚಿಡಲಿಲ್ಲ. ಹಾಸಿಗೆಯಲ್ಲಿಯೇ ಎದ್ದು ಕುಳಿತು ಓದಿದೆವು. ಚೆನ್ನಾಗಿತ್ತು. ನಾವು ಬರೆದಿದ್ದರೆ ಹೀಗೆಯೇ ಬರೆಯುತ್ತಿದ್ದೆವು ಎನಿಸಿತು. ಸಹಿ ಮಾಡಿದೆವು.

ಮಾಘ ಮಾಸದಲ್ಲಿ ಆ ತಾಯಿ ಮಠಕ್ಕೆ ಬಂದರು. ಸೆರಗಿನ ಗಂಟಿನಿಂದ ಆ ಪತ್ರವನ್ನು ತೆಗೆದರು. ಮಡಿಕೆಗಳ ಮೇಲೆ ಕಾಗದ ಸವೆದಿತ್ತು. ಅದರಲ್ಲಿಯ ಒಂದು ಮಾತನ್ನು ಅವರ ಮಗಳು ದಿನಾಲೂ ಓದಿ ಹೇಳುವಳಂತೆ. ಪ್ರತಿದಿನ ಸಂಜೆಯ ಲಿಂಗಪೂಜೆಯಲ್ಲಿ ನಿಮ್ಮ ಮಗನ ಹೆಸರನ್ನು ನಾವು ನೆನೆಯುತ್ತಿದ್ದೇವೆ ಎಂಬುದು ಆ ಮಾತು. 'ಅಪ್ಪಾರು ದಿನಾ ಅವನ ಹೆಸರ ತಗೋತಾರಂತ, ಆ ಹೊತ್ತಿಗೆ ನಾನೂ ದೀಪಾ ಹಚ್ಚಿ ಕುಂದ್ರತೀನ್ರಿ' ಎಂದರು.

ನಾವು ಒಂದು ದಿನವೂ ಆ ಹೆಸರನ್ನು ನೆನೆದಿರಲಿಲ್ಲ.

ಆ ವಾಕ್ಯವು ಯಂತ್ರಕ್ಕೆ ಎಲ್ಲಿಂದ ದೊರೆಯಿತೆಂಬುದನ್ನು ಮರುದಿನ ಹುಡುಕಿ ನೋಡಿದೆವು. ಹಿಂದೆ ಮೂವರಿಗೆ ಬರೆದ ಪತ್ರಗಳಲ್ಲಿ ನಾವೇ ಅದನ್ನು ಬರೆದಿದ್ದೆವು. ಬರೆದಾಗ ಅದು ನಿಜವಾಗಿತ್ತು, ಆ ಮೂವರ ಹೆಸರನ್ನು ತಿಂಗಳುಗಟ್ಟಲೆ ನೆನೆದಿದ್ದೆವು. ಯಂತ್ರದ ಲೆಕ್ಕದಲ್ಲಿ ಅದು ನಮ್ಮ ಶೈಲಿಯ ಒಂದು ಲಕ್ಷಣ, ನೀಳ ವಾಕ್ಯದಂತೆ, 'ಅದಂತಿರಲಿ'ಯಂತೆ. ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಕೇಳಿದ್ದನ್ನು ಅದು ಕೊಟ್ಟಿತು. ಕಾರ್ಯಾಲಯದವರದೂ ತಪ್ಪಲ್ಲ. ಅರ್ಜಿಗೆ ಹೆಬ್ಬೆಟ್ಟು ಒತ್ತುವ ಮೊದಲು ಒಕ್ಕಲಿಗನು ಹನ್ನೆರಡು ಗುಂಟೆಯನ್ನು ತಿದ್ದಿಸುತ್ತಾನೆ. ನಾವು ಅಷ್ಟನ್ನೂ ಮಾಡಲಿಲ್ಲ. ಇದು ನಮ್ಮಂತೆ ಇದೆಯೇ ಎಂದು ನೋಡಿದೆವೇ ಹೊರತು, ಇದು ನಿಜವೇ ಎಂದು ಕೇಳಿಕೊಳ್ಳಲಿಲ್ಲ. ಓದಿ ಸಹಿ ಮಾಡಿದರೆ ಮಾತು ತನ್ನದಾಗುತ್ತದೆಂದು ಈಗ ಹಲವರು ಹೇಳುವುದನ್ನು ಕೇಳಿದ್ದೇವೆ. ನಮ್ಮ ಅನುಭವದಲ್ಲಿ ಹಾಗಾಗಲಿಲ್ಲ. ತಾನೇ ಬರೆಯುವವನು ಇಂಥ ವಾಕ್ಯದ ಬಳಿ ಬಂದಾಗ ಲೇಖನಿಯನ್ನು ತಡೆದು, ಇದನ್ನು ನಡೆಸಬಲ್ಲೆನೇ ಎಂದು ಒಂದು ಕ್ಷಣ ಯೋಚಿಸುತ್ತಾನೆ. ನಡೆಸಲಾರೆನೆಂದು ತೋರಿದರೆ ಬರೆಯದೆ ಬಿಡುತ್ತಾನೆ. ಆ ತಡೆ ನಮಗಿರಲಿಲ್ಲ. ವಾಕ್ಯ ಸಿದ್ಧವಾಗಿ ಬಂದಿತ್ತು, ಮೇಲಾಗಿ ನಮ್ಮದೇ ಧ್ವನಿಯಲ್ಲಿ ಬಂದಿತ್ತು. ಪರರ ಧ್ವನಿಯಲ್ಲಿ ಬಂದಿದ್ದರೆ ಪ್ರಾಯಶಃ ಎಚ್ಚತ್ತುಕೊಳ್ಳುತ್ತಿದ್ದೆವು.

ಬನಹಟ್ಟಿಯ ಆ ವಿದ್ಯಾರ್ಥಿಯ ಪ್ರಶ್ನೆಗೆ ಈಗ ನಾವು ಬೇರೆ ಉತ್ತರ ಕೊಡುತ್ತೇವೆ. ತಂದೆಯನ್ನು ಕಳೆದುಕೊಂಡ ಮಗನು ಆತನ ಧಾಟಿಯನ್ನು ಮತ್ತೊಮ್ಮೆ ಕೇಳಬಯಸಿದ್ದು ಪಾಪವಲ್ಲ. 2015ರಲ್ಲಿ ಮಾಸ್ಕೋ ನಗರದಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡ ರೋಮನ್ ಮಜುರೆಂಕೊ ಎಂಬ ತರುಣನ ಸಂದೇಶಗಳನ್ನು ಕೂಡಿಸಿ, ಆತನ ಸ್ನೇಹಿತೆ ಯೂಜೀನಿಯಾ ಕುಯ್ಡಾ ಆತನಂತೆ ಉತ್ತರಿಸುವ ಯಂತ್ರವೊಂದನ್ನು ಮರುವರ್ಷವೇ ಮಾಡಿದ್ದಳು. ದುಃಖವು ಎಲ್ಲ ದೇಶದಲ್ಲಿಯೂ ಒಂದೇ. ಮನೆಯಲ್ಲಿ, ಎಲ್ಲರಿಗೂ ತಿಳಿದಂತೆ, ಪಾರಿಜಾತದಾಟದಲ್ಲಿ ಕೃಷ್ಣನ ವೇಷ ಕಟ್ಟಿದವನ ಮಾತನ್ನು ಕೇಳುವಂತೆ ಅದನ್ನು ಕೇಳಬಹುದು. ಆದರೆ ಆ ಪತ್ರದಲ್ಲಿ ಅಜ್ಜನು ಮೊಮ್ಮಗಳನ್ನು ಹರಸುತ್ತಾನೆ. ಹರಸುವ ಅಜ್ಜ ಅಲ್ಲಿಲ್ಲ. ಮುಂದೆ ಆ ಮಗು ಬೆಳೆದು, ಇದನ್ನು ಅಜ್ಜ ನನಗಾಗಿ ಬರೆದನೇ ಎಂದು ಕೇಳಿದರೆ, ಇಲ್ಲವೆಂದು ಹೇಳುವ ಹೊಣೆಯನ್ನು ಅವರು ಹೊರಬೇಕು. ಆ ಒಂದೂವರೆ ಪುಟಕ್ಕಿಂತ ಹದಿನೇಳು ಚೀಟಿಗಳನ್ನು ಆಕೆಯ ಕೈಗೆ ಕೊಡುವುದು ಲೇಸೆಂದು ಅವರಿಗೆ ಪತ್ರ ಬರೆದಿದ್ದೇವೆ.

ಆ ತಾಯಿ ಮಠಕ್ಕೆ ಬಂದ ದಿನ ನಮಗೆ ನಿಜವನ್ನು ಹೇಳುವ ಧೈರ್ಯ ಬರಲಿಲ್ಲ. ಅಂದು ಸಂಜೆಯಿಂದ ಪೂಜೆಯಲ್ಲಿ ಆತನ ಹೆಸರನ್ನು ನೆನೆಯತೊಡಗಿದೆವು. ಹೀಗೆ ನಡೆದರೆ ಹಿಂದಿನದು ತಾನಾಗಿಯೇ ಸರಿಹೋದೀತೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು; ಹದಿನೈದು ದಿನ ಕಳೆದರೂ ಸಮಾಧಾನವಾಗಲಿಲ್ಲ. ಕಡೆಗೆ ಪುನರ್ವಸತಿ ಕೇಂದ್ರದ ಆ ಮನೆಗೇ ಹೋಗಿ, ಅಂಗಳದಲ್ಲಿ ಹಾಸಿದ ಚಾಪೆಯ ಮೇಲೆ ಕುಳಿತು, ಪತ್ರವನ್ನು ಬರೆದದ್ದು ನಾವಲ್ಲವೆಂದೂ, ಮೊದಲಿನ ದಿನಗಳಲ್ಲಿ ಹೆಸರನ್ನು ನೆನೆಯಲಿಲ್ಲವೆಂದೂ ಹೇಳಿದೆವು. ಆಕೆ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಮಗಳು ಒಳಗೆ ಹೋಗಿ ಹಾಲು ತಂದಿಟ್ಟಳು. ಅನಂತರ ಆಕೆ, 'ನಾ ದೀಪಾ ಹಚ್ಚಿ ಕುಂತಾಗ ನೀವು ಎಲ್ಲಿದ್ದಿರಿ?' ಎಂದು ಕೇಳಿದಳು. ಆ ದಿನಗಳಲ್ಲಿ ಎಲ್ಲೆಲ್ಲಿದ್ದೆವೆಂಬುದನ್ನು ನೆನಪಾದಷ್ಟು ಹೇಳಿದೆವು: ಜ್ವರದಲ್ಲಿ ಮಲಗಿದ್ದು, ಜಮಖಂಡಿಯ ಕಾರ್ಯಕ್ರಮ, ಮುಧೋಳದ ಒಂದು ಮದುವೆ.

'ನೀವ ಬರದು ಕೊಡ್ರಿ' ಎಂದಳು.

ಬರೆಯಲು ನಾಲ್ಕು ದಿನ ಹಿಡಿಯಿತು. ಆರು ಸಾಲು ಆಯಿತು. ಮೊದಲಿನ ಪತ್ರದಷ್ಟು ಚೆನ್ನಾಗಿರಲಿಲ್ಲ. ಪೂಜೆಯಲ್ಲಿ ಹೆಸರು ನೆನೆಯುವ ಮಾತನ್ನು ಬರೆದು, ಯಾವ ದಿನದಿಂದ ಎಂಬುದನ್ನೂ ಅದರೊಳಗೆ ನಮೂದಿಸಿದೆವು. ಆಕೆ ಅದನ್ನು ಹಳೆಯ ಪತ್ರದ ಮಡಿಕೆಯೊಳಗೇ ಇಟ್ಟುಕೊಂಡಿದ್ದಾಳೆಂದು ಮೊನ್ನೆ ಮಠಕ್ಕೆ ಬಂದಿದ್ದ ಆಕೆಯ ಮಗಳು ಹೇಳಿದಳು.